ನಮ್ಮ ಮನೆತನದ ಕೊಬ್ಬು

ಬನಹಟ್ಟಿ, ನೆರಳುಗೇರಿ
ಇಸವಿ 2213, ಚೈತ್ರದ ನಲವತ್ತೆರಡನೆಯ ದಿನ

ಮಾತೋಶ್ರೀ ಬನವ್ವನವರಿಗೆ, ಇನ್ನೂ ಹುಟ್ಟಿರದ ಒಬ್ಬ ಮುದುಕಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ಅದು ಕೈತಪ್ಪಲ್ಲ. ನಿಮ್ಮ ಚೈತ್ರ ಮೂವತ್ತು ದಿನಕ್ಕೆ ಮುಗಿದು ಹೋಗುತ್ತಿತ್ತಂತೆ. ನಮ್ಮ ಬೇಸಿಗೆ ಮುಗಿಯುವ ಲಕ್ಷಣವನ್ನೇ ತೋರಿಸದ ಕಾರಣ ಹಿರಿಯರು ತಿಂಗಳನ್ನೇ ಎಳೆದು ಉದ್ದ ಮಾಡಿದರು. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಅಚ್ಚಿನ ಭಾಷೆಯನ್ನು ಎರಡು ಮಳೆಗಾಲ ಕೂತು ಕಲಿತಿದ್ದೇನೆ. ಆದರೂ ನಮ್ಮ ಪದಗಳು ನಡುನಡುವೆ ನುಸುಳುತ್ತವೆ, ಕ್ಷಮಿಸಿ, ಬಂದ ಕಡೆ ಅರ್ಥ ಹೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೇ ದೊಡ್ಡ ಪೇಚು. ಈ ಓಲೆ ಕೈಗೆ ಸಿಗುವಾಗ ನಿಮಗೆ ನಲವತ್ತಾರು, ನನಗೆ ಎಪ್ಪತ್ತನಾಲ್ಕು. ವಯಸ್ಸಿನಲ್ಲಿ ನೀವು ನನ್ನ ಮಗಳಂತೆ, ತಲೆಮಾರಿನಲ್ಲಿ ನನಗಿಂತ ಐದು ತಲೆ ಹಿರಿಯರು. ತಾಯಿ ಎನ್ನುತ್ತೇನೆ. ಇಬ್ಬರಿಗೂ ಮರ್ಯಾದೆ ಉಳಿಯುತ್ತದೆ.

ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಅದು ಹೇಗೆ ಹೋಗುತ್ತದೆಂದು ಕೇಳಬೇಡಿ. ನಿಮ್ಮ ಕೈಯಲ್ಲಿರುವ ಮೊಬೈಲಿನೊಳಗೆ ಏನಿದೆ ಎಂದು ಕೇಳಿದರೆ ನೀವೂ ಹೇಳಲಾರಿರಿ. ನನಗೆ ಗೊತ್ತಿರುವುದಿಷ್ಟು: ಮನೆಯಲ್ಲಿ ನಿಮ್ಮದೊಂದೇ ಕೈ ಹೋಗುವ ಜಾಗದಲ್ಲಿ ಇದು ಸಿಗುತ್ತದೆ. ನಾನು ಜೋಳದ ಹಿಟ್ಟಿನ ಡಬ್ಬಿ ಎಂದು ಬರೆಸಿದ್ದೇನೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಹಿಂದೋಲೆ. ಕಾಲರಕ್ಷಣೆಯ ಕಚೇರಿಯೆಂಬುದೊಂದಿದೆ, ಅದರ ನಿಯಮದಂತೆ ಓಲೆಯಲ್ಲಿ ಆಶೀರ್ವಾದ ಬರೆಯಬಹುದು, ಮಳೆ ಬೆಳೆ ವಿಚಾರಿಸಬಹುದು, ಮರೆತುಹೋದ ಅಡುಗೆ ಕೇಳಬಹುದು. ರೋಗ, ಸಾವು ಮತ್ತು ಬಂಗಾರದ ಧಾರಣೆ, ಈ ಮೂರನ್ನು ಬರೆಯಕೂಡದು. ಜನ ತುಂಬ ವಿಧೇಯರು. "ನಾವೆಲ್ಲ ಕ್ಷೇಮ, ಹುಣಸೆಕಾಯಿ ತೊಕ್ಕು ಮಾಡುವುದು ಹೇಗೆ?" ಎಂದು ಬರೆದು ಜನ್ಮದ ಒಂದೇ ಓಲೆಯನ್ನು ಮುಗಿಸಿಬಿಡುತ್ತಾರೆ. ನಾನು ಅವರ ಪೈಕಿ ಅಲ್ಲ. ತೊಕ್ಕು ಮಾಡಲು ನನಗೆ ಬರುತ್ತದೆ.

ಆದ್ದರಿಂದ ನೇರವಾಗಿ ಹೇಳುತ್ತೇನೆ, ಗೋಡೆ ಹಿಡಿದು ಕೂತುಕೊಳ್ಳಿ. ಮುಂದಿನ ಸೋಮವಾರ ನಿಮ್ಮ ಯಜಮಾನರ ಅಕ್ಕ ತುಂಗವ್ವನವರು ತಮ್ಮ ಮಗ ವಿರೂಪಾಕ್ಷಿಗೆ ನಿಮ್ಮ ಮಗಳು ಸಿಂಚನಾಳನ್ನು ಕೇಳಲು ಬರುತ್ತಾರೆ. ಮದುವೆ ಆಗುತ್ತದೆ. ಒಂದು ಹೆಣ್ಣು ಕೂಸು ಹುಟ್ಟುತ್ತದೆ. ಆ ಕೂಸು ಒಂಬತ್ತನೆಯ ವರ್ಷದಲ್ಲಿ ಶಾಲೆಯ ಅಂಗಳದಲ್ಲಿ ಓಡುತ್ತ ಓಡುತ್ತ ಬಿದ್ದುಹೋಗುತ್ತದೆ. ಅದಾದ ಎರಡನೆಯ ವರ್ಷ ಸಿಂಚನಾ ಹೋಗುತ್ತಾಳೆ, ಮೂವತ್ತನಾಲ್ಕು ತುಂಬಿರುವುದಿಲ್ಲ. ಎದೆ ಉರಿ ಎಂದಳು, ದವಡೆ ನೋವು ಎಂದಳು. ಹೆಂಗಸರಿಗೆಲ್ಲಿಯ ಹೃದಯಾಘಾತ, ಗ್ಯಾಸ್ ಇರಬೇಕೆಂದು ಓಮದ ನೀರು ಕೊಟ್ಟರು. ಇವೆರಡೂ ಸಾವು ತಡೆಯಬಹುದಾದವು. ನಿಮ್ಮ ಕಾಲದಲ್ಲೇ, ನಿಮ್ಮ ಊರಿನಲ್ಲೇ ಸಿಗುವ ರಕ್ತಪರೀಕ್ಷೆಯಿಂದ, ನಿಮ್ಮ ಕಾಲದಲ್ಲೇ ಇದ್ದ ಔಷಧದಿಂದ. ಅದಕ್ಕಾಗಿಯೇ ನನ್ನ ರಕ್ತ ಕುದಿಯುವುದು. ಔಷಧವೇ ಇರದ ಕಾಲದಲ್ಲಿ ಸತ್ತಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ.

ಈ ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂದು ನೀವು ಕೇಳಬೇಕಾದದ್ದೇ. ನಮ್ಮ ಮನೆತನದಲ್ಲಿ ವರ್ಷಕ್ಕೊಂದು ಹಿಮ್ಮಡಿ ಹಬ್ಬ ಇದೆ. ನಾವಿರುವ ನೆರಳುಗೇರಿ ಎಂದರೆ ನಿಮ್ಮ ನೇಕಾರರ ಓಣಿ ಇದ್ದ ಜಾಗವೇ. ಊರಿನ ನೇಕಾರಿಕೆ ನಿಂತಿಲ್ಲ, ಆದರೆ ಈಗ ಸೀರೆಗಿಂತ ಹೆಚ್ಚಾಗಿ ನೆರಳು ನೇಯುತ್ತೇವೆ. ಬೀದಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಕಟ್ಟುವ ದಪ್ಪನೆಯ ನೆರಳುಬಟ್ಟೆ, ಬಿಸಿಲನ್ನು ಹೀರಿ ಸಂಜೆಗೆ ದೀಪ ಉರಿಸುವಂಥದ್ದು. ಅದು ಇಲ್ಲದಿದ್ದರೆ ಹಗಲಿನಲ್ಲಿ ಯಾರೂ ಹೊರಗೆ ಕಾಲಿಡುವಂತಿಲ್ಲ. ಕೆಲಸವೆಲ್ಲ ತಂಪುಪಾಳಿಯಲ್ಲಿ, ಅಂದರೆ ನಸುಕಿನಿಂದ ಬಿಸಿಲೇರುವವರೆಗೆ, ಆಮೇಲೆ ಸಂಜೆ. ನಡುಹಗಲು ಊರಿಗೆ ಊರೇ ಮಲಗಿರುತ್ತದೆ. ರೊಟ್ಟಿ ಮಾತ್ರ ಜೋಳದ್ದೇ, ಪಲ್ಲೆ ಪುಂಡಿಯದೇ, ಅಷ್ಟನ್ನು ಬಿಟ್ಟುಕೊಟ್ಟಿಲ್ಲ. ಮಳೆ ಬರುವ ಮುಂಚಿನ ಒಂದು ದಿನ ನಮ್ಮವರೆಲ್ಲ ಒಂದೇ ನೆರಳಿನಡಿ ಸೇರಿ ಕಾಲು ಚಾಚಿ ಕೂರುತ್ತೇವೆ. ಹಿರಿಯಳಾದವಳು ಪ್ರತಿ ಮಗುವಿನ ಹಿಮ್ಮಡಿ ಮುಟ್ಟಿ ನೋಡುತ್ತಾಳೆ, ನಾಲಿಗೆಯಡಿ ಕಾವಲುಹನಿ ಹಾಕುತ್ತಾಳೆ. ಅದು ರಕ್ತವನ್ನು ಒಂದು ವರ್ಷ ಕಾಯುವ ಔಷಧ. ಆಮೇಲೆ ಸಿಂಚನಾಳ ಕಥೆ ಹೇಳುತ್ತಾಳೆ. ಐದು ತಲೆಗಳಿಂದ ಹೇಳುತ್ತ ಬಂದಿದ್ದೇವೆ. ಹೇಳುವ ಸರದಿ ನನಗೆ ಬಂದು ಹನ್ನೊಂದು ವರ್ಷವಾಯಿತು, ಒಂದು ವರ್ಷವೂ ಕಣ್ಣೊರೆಸಿಕೊಳ್ಳದೆ ಮುಗಿಸಿದ್ದಿಲ್ಲ.

ಈಗ ಹಿಮ್ಮಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಡವಟ್ಟೆಲ್ಲ ಅಲ್ಲೇ ಇರುವುದು. ನಿಮ್ಮ ಯಜಮಾನರು ರುದ್ರಪ್ಪನವರ ಕಾಲನ್ನು ನೆನಪು ಮಾಡಿಕೊಳ್ಳಿ. ಹಿಮ್ಮಡಿಯ ಮೇಲೆ, ಹಿಂದುಗಡೆ ಇಳಿಯುವ ದಪ್ಪ ನರ, ವೈದ್ಯರು ಸ್ನಾಯುರಜ್ಜು ಎನ್ನುವುದು, ಎಲ್ಲರಿಗೂ ಬೆರಳಗಲ ಇರುತ್ತದೆ. ಅವರಿಗೆ ಹೆಬ್ಬೆರಳಿಗಿಂತ ದಪ್ಪವಾಗಿ, ಗಂಟುಗಂಟಾಗಿತ್ತು. ಅವರ ತಂದೆಗೂ ಇತ್ತು. ಕುಣಿಮಗ್ಗದಲ್ಲಿ ಕೂತು ಜೀವಮಾನವೆಲ್ಲ ಕಾಲಿನಿಂದ ಹಲಗೆ ಒತ್ತಿದವರಿಗೆ ಹೀಗಾಗುತ್ತದೆ ಎಂದು ಮನೆಯವರು ನಂಬಿದ್ದರು. ಅದಕ್ಕೆ ಮಗ್ಗದ ಹಿಮ್ಮಡಿ ಎಂಬ ಹೆಸರೂ ಇತ್ತು. ಮಗ್ಗದ ಹಿಮ್ಮಡಿ ಇದ್ದವನು ಕಸುಬುದಾರ, ಇಲ್ಲದವನು ಸೋಮಾರಿ. ಹೆಣ್ಣು ನೋಡಲು ಹೋದಾಗ ಅತ್ತೆಯಾಗುವವಳು ಹುಡುಗಿಯ ಕಾಲಿಗೆ ಅರಿಶಿನ ಹಚ್ಚುವ ನೆಪದಲ್ಲಿ ಹಿಮ್ಮಡಿಯ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡುವ ಶಾಸ್ತ್ರವನ್ನೂ ಕಟ್ಟಿಕೊಂಡರು. ದಪ್ಪಗಿದ್ದರೆ ದುಡಿಯುವ ಮನೆಯ ಹುಡುಗಿ, ಸಂಬಂಧ ಗಟ್ಟಿ. ಇಲಕಲ್ಲಿನಿಂದ ಸೊಸೆಯಾಗಿ ಬಂದ ನಿಮ್ಮ ತೆಳ್ಳನೆಯ ಹಿಮ್ಮಡಿ ನೋಡಿ ತುಂಗವ್ವನವರು ಮುಖ ತಿರುವಿದ್ದನ್ನು ನೀವು ಮರೆತಿರಲಾರಿರಿ. ಹೆಣ್ಣುಮಕ್ಕಳು ತಾವಾಗಿ ಹೇಳಿಕೊಂಡ ಅವಮಾನಗಳು ನಮ್ಮ ಕಾಲದವರೆಗೂ ಬಂದಿವೆ, ತಾಯಿ.

ಸಿಂಚನಾಳಿಗೆ ಈಗ ಇಪ್ಪತ್ತೆರಡು. ಬಿ.ಎಡ್. ಓದುತ್ತಿದ್ದಾಳೆ. ಅವಳ ಅಪ್ಪ ಹೋದ ಮೇಲೆ ನೀವು ಮಗ್ಗ ಮಾರಿದಿರಿ. ಅವಳು ಮಗ್ಗದಲ್ಲಿ ಒಂದು ದಿನವೂ ಕೂತವಳಲ್ಲ, ಹಲಗೆಯನ್ನು ಒಂದು ಸಲವೂ ಒತ್ತಿದವಳಲ್ಲ. ಹಾಗಿದ್ದರೆ ಅವಳು ಚಪ್ಪಲಿಯ ಹಿಂಬದಿಯ ಪಟ್ಟಿಯನ್ನು ಬ್ಲೇಡಿನಿಂದ ಕತ್ತರಿಸಿ ಹಾಕಿಕೊಳ್ಳುವುದೇಕೆ? ಪಟ್ಟಿ ಉಜ್ಜಿ ನೋಯುತ್ತದೆ ಎಂದಳು, ಹೌದಲ್ಲವೇ? ನೀವು ಕೊಬ್ಬರಿ ಎಣ್ಣೆ ಹಚ್ಚಿದಿರಿ. ಸೋಮವಾರ ತುಂಗವ್ವನವರು ಆ ಹಿಮ್ಮಡಿ ಹಿಡಿದು ನೋಡಿ ಕುಣಿದಾಡುತ್ತಾರೆ. "ಅಯ್ಯ, ಬನವ್ವಾ! ಮಗ್ಗ ಮುಟ್ಟದ ಹುಡಿಗಿಗೆ ಮಗ್ಗದ ಹಿಮ್ಮಡಿ ಐತಲ್ಲ! ನಮ್ಮ ಮನಿತನದ ರಕ್ತ ಎಲ್ಲಿ ಹೋಗತೈತಿ ನೋಡವಾ!" ಎನ್ನುತ್ತಾರೆ. ಈ ಮಾತನ್ನು ನಮ್ಮ ಹಬ್ಬದಲ್ಲಿ ಚಿಕ್ಕ ಮಕ್ಕಳೂ ಬಾಯಿಪಾಠ ಹೇಳುತ್ತವೆ. ಇಡೀ ಮನೆತನದಲ್ಲಿ ಅಷ್ಟು ನಿಜವಾದ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಆಡಿದವರಿಗೇ ಅದು ಅರ್ಥವಾಗಲಿಲ್ಲ, ಅಷ್ಟೇ.

ಅದು ಮಗ್ಗದ್ದಲ್ಲ, ರಕ್ತದ್ದು. ರಕ್ತದಲ್ಲಿ ಹೆಚ್ಚಾದ ಕೊಲೆಸ್ಟ್ರಾಲು ಹೋಗಲು ದಾರಿಯಿಲ್ಲದೆ ಹಿಮ್ಮಡಿಯ ನರದಲ್ಲಿ ಕೂರುತ್ತದೆ. ಹಿಮ್ಮಡಿಯಲ್ಲಿ ಕೂತದ್ದು ಕಣ್ಣಿಗೆ ಕಾಣುತ್ತದೆ, ಹೃದಯದ ರಕ್ತನಾಳದಲ್ಲಿ ಕೂತದ್ದು ಕಾಣುವುದಿಲ್ಲ. ನಮ್ಮ ಪಿತ್ತಜನಕಾಂಗಕ್ಕೆ ರಕ್ತದಿಂದ ಈ ಜಿಡ್ಡನ್ನು ಒಳಗೆಳೆದುಕೊಳ್ಳುವ ಬಾಗಿಲುಗಳಿವೆ ಎಂದುಕೊಳ್ಳಿ. ರುದ್ರಪ್ಪನವರ ಮನೆತನದಲ್ಲಿ ಅರ್ಧದಷ್ಟು ಬಾಗಿಲು ಹುಟ್ಟಿನಿಂದಲೇ ಮುಚ್ಚಿರುತ್ತವೆ. ಹಾಗಿರುವ ಅಪ್ಪನಿಂದಾಗಲಿ ಅಮ್ಮನಿಂದಾಗಲಿ ಪ್ರತಿ ಮಗುವಿಗೂ ಅದು ಬರಬಹುದು, ಬರದೆಯೂ ಇರಬಹುದು, ಎರಡಕ್ಕೂ ಸಮ ಅವಕಾಶ. ಗಂಡು ಹೆಣ್ಣು ಎಂಬ ಭೇದವಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಶುರುವಾಗಿ ಇಪ್ಪತ್ತು, ಮೂವತ್ತು ವರ್ಷ ಸದ್ದಿಲ್ಲದೆ ನಾಳಗಳು ಕಟ್ಟುತ್ತ ಬರುತ್ತವೆ. ನಲವತ್ತರ ಆಸುಪಾಸಿನಲ್ಲಿ ಒಂದು ದಿನ ರುದ್ರಪ್ಪನವರು ಲಾಳಿ ಹಿಡಿದ ಕೈಯಲ್ಲೇ ಮುಂದಕ್ಕೆ ವಾಲಿದರಲ್ಲ, ಅದು ಆ ದಿನ ಬಂದ ರೋಗವಲ್ಲ. ಅವರ ಜೊತೆಗೇ ಹುಟ್ಟಿದ್ದು.

ನಿಮ್ಮ ಮನಸ್ಸಿನಲ್ಲಿ ಏಳುವ ಮಾತು ನನಗೆ ಕೇಳಿಸುತ್ತಿದೆ. ಅವರು ನೂಲಿನೆಳೆಯಂತಿದ್ದರು, ರೊಟ್ಟಿ ಪಲ್ಲೆ ಬಿಟ್ಟು ಬೇರೆ ತಿಂದವರಲ್ಲ, ಅವರಿಗೆಲ್ಲಿಯ ಕೊಬ್ಬು? ಅವರು ತೀರಿಕೊಂಡ ದಿನ ಆಸ್ಪತ್ರೆಯ ವೈದ್ಯರು ಕೊಲೆಸ್ಟ್ರಾಲ್ ಇತ್ತೇನು ಎಂದು ಕೇಳಿದಾಗ ತುಂಗವ್ವನವರು ಎಲ್ಲರೆದುರು ಸಿಡಿದರು. "ನನ್ನ ತಮ್ಮಗ ಕೊಬ್ಬ? ಏನ್ ಮಾತಾಡ್ತೀರಿ ಸಾಹೇಬ್ರ? ಬಡವರ ಮನ್ಯಾಗ ಕೊಬ್ಬು ಎಲ್ಲಿಂದ ಬರಬೇಕ್ರಿ?" ವೈದ್ಯರು ಪಾಪ, ಕಾಗದಕ್ಕೆ ಸಹಿ ಹಾಕಿ ಹೊರಟರು. ಮನೆಯ ಉಳಿದವರ ರಕ್ತ ನೋಡಿಸಿ ಎಂದು ಅವರು ಹೇಳಬೇಕಾಗಿದ್ದ ಮಾತು ಅಲ್ಲೇ ನಿಂತುಹೋಯಿತು.

ನಮ್ಮ ಭಾಷೆ ನನಗೆ ಪ್ರಾಣ. ಆದರೆ ಈ ಒಂದು ಪದದ ಜೊತೆ ನನಗೆ ಜನ್ಮದ ಜಗಳ. ಕೊಬ್ಬು ಎಂದರೆ ಮೈಯ ಜಿಡ್ಡೂ ಹೌದು, ಸೊಕ್ಕೂ ಹೌದು. ನಿನಗೆ ಕೊಬ್ಬಿದೆ ಎಂದರೆ ಬೈಗುಳ. ಉಂಡು ಕೊಬ್ಬಿದವನು ಎಂದರೆ ದೊಡ್ಡ ಬೈಗುಳ. ರಕ್ತದಲ್ಲಿ ಕೊಬ್ಬಿದೆ ಎಂದು ಯಾರಾದರೂ ಹೇಳಿದರೆ ನಮ್ಮವರಿಗೆ ಕೇಳಿಸುವುದು ರೋಗದ ಹೆಸರಲ್ಲ, ಆರೋಪ. ಹೊಟ್ಟೆ ಕಟ್ಟಿ ದುಡಿದ ನೇಕಾರ ಸತ್ತಾನೇ ಹೊರತು ತನಗೆ ಕೊಬ್ಬಿದೆಯೇ ಎಂದು ನೋಡಿಸಲು ಸಾಲಿನಲ್ಲಿ ನಿಂತಾನೇ? ಹಾಗೆ ನಿಲ್ಲದೆಯೇ ಸತ್ತರು. ಈ ಪದವನ್ನು ನಾವು ಬಿಟ್ಟುಕೊಡಲಿಲ್ಲ, ತಾಯಿ, ಕಿತ್ತುಕೊಂಡೆವು. ಊರವರು ನಮ್ಮನ್ನು ಕೊಬ್ಬಿನವರು ಎಂದು ಕರೆಯುತ್ತಾರೆ, ನಾವೂ ಹೌದೆನ್ನುತ್ತೇವೆ. ಈಗಿನ ಮಕ್ಕಳ ವಂಶವಾಹಿಯನ್ನು ಹುಟ್ಟುವ ಮೊದಲೇ ತಿದ್ದುವ ತಿದ್ದುಮನೆಗಳಿವೆ. ಅಲ್ಲಿಯ ಹುಡುಗಿಯೊಬ್ಬಳು ಒಮ್ಮೆ ನನ್ನ ಕಾಲನ್ನು ನೋಡಿ, ವಸ್ತುಸಂಗ್ರಹಾಲಯಕ್ಕೆ ಬಂದವಳಂತೆ ಕಣ್ಣರಳಿಸಿ, "ಅಜ್ಜಿ, ನೀವು ತಿದ್ದಿಸ್ಕೊಳ್ಳದ ಹಂಗ ಉಳದವ್ರೇನ್ರಿ? ನಾಚಿಕಿ ಆಗಂಗಿಲ್ರಿ?" ಎಂದು ಕೇಳಿದಳು. "ನಾಚಿಕಿ ಯಾಕವಾ? ಎಪ್ಪತ್ತ ದಾಟೇನಿ, ಮೂರು ಮಾಳಿಗಿ ಹತ್ತಿ ಬಟ್ಟಿ ಕಟ್ಟತೇನಿ. ನೀ ಹತ್ತು ನೋಡೂಣು" ಎಂದೆ. ಹತ್ತಲಿಲ್ಲ. ರಕ್ತದಲ್ಲಿ ಬಂದದ್ದಕ್ಕೆ ತಲೆ ತಗ್ಗಿಸುವುದೂ ಇಲ್ಲ, ತಲೆ ಕೊಡುವುದೂ ಇಲ್ಲ. ಇದು ನಮ್ಮ ಮನೆತನದ ಕೊಬ್ಬು.

ಈಗ ಕಷ್ಟದ ಮಾತು. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳಲ್ಲ. ನಿಮಗೆ ಇದ್ದದ್ದು ಒಬ್ಬಳೇ ಮೊಮ್ಮಗಳು, ಅವಳ ಜೊತೆ ನಿಮ್ಮ ಕುಡಿ ನಿಂತಿತು. ಆ ಕೂಸಿಗೆ ಅಪ್ಪನ ಕಡೆಯಿಂದಲೂ ಬಂದಿತ್ತು, ಅಮ್ಮನ ಕಡೆಯಿಂದಲೂ ಬಂದಿತ್ತು, ಏಕೆಂದರೆ ವಿರೂಪಾಕ್ಷಿಯ ಹಿಮ್ಮಡಿಯೂ ಅಂಥದ್ದೇ. ಅವಳಿಗೆ ಬಾಗಿಲುಗಳು ಅರ್ಧವಲ್ಲ, ಹೆಚ್ಚುಕಡಿಮೆ ಎಲ್ಲವೂ ಮುಚ್ಚಿದ್ದವು. ಐದನೆಯ ವರ್ಷಕ್ಕೇ ಮೊಣಕೈ ಮೊಣಕಾಲಿನ ಮೇಲೆ ಹಳದಿ ಗಂಟುಗಳು ಎದ್ದಿದ್ದವು. ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿದರು. ಮಗಳೂ ಹೋಗಿ ಹೆಂಡತಿಯೂ ಹೋದ ಮೇಲೆ ವಿರೂಪಾಕ್ಷಿ ಹುಚ್ಚನಂತೆ ಊರೂರು ತಿರುಗಿ, ಕೊನೆಗೆ ಒಂದು ಆಸ್ಪತ್ರೆಯಲ್ಲಿ ತನ್ನ ರಕ್ತ ತಾನೇ ನೋಡಿಸಿಕೊಂಡ. ಗುಳಿಗೆ ಶುರು ಮಾಡಿದ. ಅಲ್ಲಿ ರಕ್ತ ತೆಗೆದ ಹುನಗುಂದದ ಹೆಣ್ಣುಮಗಳನ್ನೇ ಆಮೇಲೆ ಮದುವೆಯಾದ, ಎಂಬತ್ತು ವರ್ಷ ಬದುಕಿದ. ಅವರ ಕುಡಿಯೇ ನಾವು. ಹೇಳಲು ಬಾಯಿ ಬರುವುದಿಲ್ಲ, ಆದರೂ ಹೇಳಬೇಕು: ನಿಮ್ಮ ಮಗಳು ಸತ್ತದ್ದರಿಂದ ನಾವು ಹುಟ್ಟಿದೆವು. ಅವಳು ಉಳಿದರೆ ವಿರೂಪಾಕ್ಷಿ ಎರಡನೆಯ ಮದುವೆಯಾಗುವುದಿಲ್ಲ. ನಮ್ಮ ಹಬ್ಬವೂ ಇರುವುದಿಲ್ಲ, ಅದರಲ್ಲಿ ಕಾಲು ಚಾಚಿ ಕೂರುವವರೂ ಇರುವುದಿಲ್ಲ.

ನಾನೊಬ್ಬಳೇ ಆಗಿದ್ದರೆ ಯಾರನ್ನೂ ಕೇಳದೆ ಬರೆಯುತ್ತಿದ್ದೆ. ನನ್ನ ನಂತರ ಮಕ್ಕಳಿದ್ದಾರೆ, ಅವರ ಮಕ್ಕಳಿದ್ದಾರೆ. ಆದ್ದರಿಂದ ಈ ವರ್ಷ ಹಬ್ಬದಲ್ಲಿ ಕಥೆ ಮುಗಿಸಿದ ಮೇಲೆ ವಿಷಯವನ್ನು ನೆರಳಿನಡಿ ಇಟ್ಟೆ. ದೊಡ್ಡ ಗದ್ದಲವಾಯಿತು. ಕಾಲರಕ್ಷಣೆಯ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ತಮ್ಮನ ಮಗ ಸೋಮನಾಥ ಎದ್ದು ನಿಂತು, ಹಿಂದೋಲೆಯಿಂದ ಇದುವರೆಗೆ ಯಾರೂ ಅಳಿದದ್ದನ್ನು ಕಂಡವರಿಲ್ಲ ಎಂದ. ಅಳಿದವರನ್ನು ನೆನಪಿಟ್ಟುಕೊಳ್ಳಲು ಯಾರು ಉಳಿದಿರುತ್ತಾರೋ ಎಂದು ಮತ್ತೊಬ್ಬರು ಕೇಳಿದರು. ಪಂಡಿತರೇ ಎರಡು ಪಂಗಡವಾಗಿದ್ದಾರೆ. ಹಳೆಯ ಕಾಲ ಹಾಗೇ ಇದ್ದು ಪಕ್ಕದಲ್ಲಿ ಹೊಸ ಕಾಲ ಕವಲೊಡೆಯುತ್ತದೆ ಎನ್ನುವವರೂ ಇದ್ದಾರೆ, ಇರುವುದೇ ಅಳಿಸಿಹೋಗುತ್ತದೆ ಎನ್ನುವವರೂ ಇದ್ದಾರೆ. ನನ್ನ ಮೊಮ್ಮಗಳು ಕಾವೇರಮ್ಮ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂರು ತಿಂಗಳ ಬಸುರಿ ಅವಳು.

"ಆಯಿ, ನೀ ಬರದಿ ಅಂದ್ರ ನಾನೂ ಇರಂಗಿಲ್ಲೇನು? ಇದೂ ಇರಂಗಿಲ್ಲೇನು?" ಎಂದು ಹೊಟ್ಟೆ ಮುಟ್ಟಿಕೊಂಡು ಕೇಳಿದಳು.

"ಗೊತ್ತಿಲ್ಲವಾ" ಎಂದೆ. ಸುಳ್ಳು ಹೇಳಲಾಗಲಿಲ್ಲ.

ಅವಳು ಎದ್ದು ಎಲ್ಲರತ್ತ ತಿರುಗಿದಳು. ಆಮೇಲೆ, "ವರ್ಷಾ ವರ್ಷಾ ಆ ಕೂಸಿನ ಕಥಿ ಕೇಳಿ ಅತ್ತು, ಹೋಳಿಗಿ ತಿಂದು ಮನಿಗೆ ಹೋಗತೇವಿ. ತಡಿಯೂ ದಾರಿ ಕೈಯಾಗಿದ್ದೂ ಸುಮ್ಮಕಿದ್ರ ನಾವೆಂಥಾ ಮಂದಿ?" ಎಂದಳು. ಒಪ್ಪಿದವರು ಕಾಲು ಮುಂದಿಡಿ ಎಂದಾಗ ಮೊದಲು ಮುಂದಿಟ್ಟದ್ದು ಅವಳೇ. ಎಲ್ಲರೂ ಇಟ್ಟರು ಎಂದು ಹೇಳಲಾರೆ. ಯಾರೂ ಅಳಿದದ್ದಿಲ್ಲ ಎಂದ ಸೋಮನಾಥನೇ ಇಡಲಿಲ್ಲ, ಇನ್ನೂ ಕೆಲವರು ಇಡಲಿಲ್ಲ. ಸಣ್ಣ ಮಕ್ಕಳಿರುವವರು, ಅವರ ಹೆದರಿಕೆ ಸುಳ್ಳಲ್ಲ. ಅವರೊಡನೆ ಜಗಳವಾಡಿದೆ, ಕೈ ಮುಗಿದೆ, ಕೊನೆಗೆ ಅವರ ಮಾತು ಮೀರಿಯೇ ಬರೆಯಲು ಕೂತೆ. ಅವರ ಶಾಪ ನನ್ನ ತಲೆಯ ಮೇಲಿರಲಿ. ನಿಯಮ ಮೀರಿದ್ದಕ್ಕೆ ಕಚೇರಿಯವರು ದಂಡ ಹಾಕುತ್ತಾರೆ, ನನ್ನ ಹೆಸರನ್ನು ವಂಶಾವಳಿಯಿಂದ ತೆಗೆದುಹಾಕುತ್ತಾರಂತೆ. ಕೇಳಿ ನಕ್ಕುಬಿಟ್ಟೆ. ಹುಟ್ಟುವುದೇ ಖಾತ್ರಿಯಿಲ್ಲದವಳಿಗೆ ಎಂಥ ದಂಡ!

ಮದುವೆ ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಸಿಂಚನಾಳಿಗೆ ವಿರೂಪಾಕ್ಷಿಯ ಮೇಲೆ ಮನಸ್ಸಿದೆ ಎಂಬುದು ನಿಮಗೂ ಗೊತ್ತು. ನೀವು ಗೊತ್ತಿಲ್ಲದವರಂತೆ ಇದ್ದೀರಿ. ಅದು ಅವರಿಬ್ಬರ ಬದುಕು. ಆದರೆ ಹಿಮ್ಮಡಿ ನೋಡಿ ಅಲ್ಲ, ರಕ್ತ ನೋಡಿ ಅವರು ತೀರ್ಮಾನ ಮಾಡಲಿ. ಸೋಮವಾರಕ್ಕೆ ಮುಂಚೆ ಮಗಳನ್ನು ಕರೆದುಕೊಂಡು ಹೋಗಿ ಲಿಪಿಡ್ ಪರೀಕ್ಷೆ ಮಾಡಿಸಿ. ಎಲ್‌ಡಿಎಲ್ ಎಂಬ ಸಾಲನ್ನು ವೈದ್ಯರಿಗೆ ತೋರಿಸಿ, ಅವಳ ಹಿಮ್ಮಡಿಯನ್ನೂ ತೋರಿಸಿ, ಅವಳ ಅಪ್ಪ ನಲವತ್ತೊಂದಕ್ಕೆ, ಅಜ್ಜ ನಲವತ್ತಮೂರಕ್ಕೆ ಹೋದದ್ದನ್ನು ಬಿಡದೆ ಹೇಳಿ. ಹೇಳದಿದ್ದರೆ ಅವರು ಕರಿದದ್ದು ಕಡಿಮೆ ಮಾಡಿ ಎಂದು ಹೇಳಿ ಕಳಿಸಿಬಿಡಬಹುದು. ಊಟದ ಪಥ್ಯ ಒಳ್ಳೆಯದೇ, ನಡೆಯುವುದೂ ಒಳ್ಳೆಯದೇ, ಆದರೆ ಹುಟ್ಟಿನಿಂದ ಮುಚ್ಚಿದ ಬಾಗಿಲನ್ನು ಅವಷ್ಟೇ ತೆರೆಯಲಾರವು. ಔಷಧ ಬೇಕು, ದಿನವೂ ಬೇಕು, ಜೀವಮಾನವಿಡೀ ಬೇಕು. ಆರಾಮಾಗಿದ್ದೇನೆ, ಇನ್ನೇಕೆ ಗುಳಿಗೆ ಎಂದು ಒಂದು ದಿನ ಅವಳು ಬಿಡುತ್ತಾಳೆ, ಬಿಡಗೊಡಬೇಡಿ. ಬಸಿರಾಗುವ ಯೋಚನೆ ಬಂದಾಗ ಗುಳಿಗೆಯನ್ನು ಏನು ಮಾಡಬೇಕೆಂದು ಮೊದಲೇ ವೈದ್ಯರನ್ನು ಕೇಳಲಿ, ತಾನೇ ತೀರ್ಮಾನಿಸುವುದು ಬೇಡ. ವಿರೂಪಾಕ್ಷಿಯದೂ ನೋಡಿಸಿ. ತುಂಗವ್ವನವರದೂ ನೋಡಿಸಿ, ಬೈದರೆ ಬೈಸಿಕೊಳ್ಳಿ. ಸಿಂಚನಾ ವಿರೂಪಾಕ್ಷಿಯನ್ನೇ ಮದುವೆಯಾಗುವುದಾದರೆ ಹುಟ್ಟಿದ ಕೂಸಿನ ರಕ್ತವನ್ನು ಹಾಲುಗಲ್ಲದಲ್ಲೇ ನೋಡಿಸಬೇಕು. ಎರಡೂ ಕಡೆಯಿಂದ ಬಂದ ಕೂಸಿಗೆ ಗುಳಿಗೆಯೊಂದೇ ಸಾಲದು, ದೊಡ್ಡ ಆಸ್ಪತ್ರೆಗೆ ಓಡಬೇಕು, ಹೊಸ ಹೊಸ ಔಷಧ ಕೇಳಬೇಕು, ಹಟ ಹಿಡಿಯಬೇಕು. ಆ ಕೂಸು ಉಳಿಯಬೇಕೆಂದರೆ ಮನೆಯಲ್ಲಿ ಒಬ್ಬರಾದರೂ ಹಟಮಾರಿಗಳಿರಬೇಕು. ಅದು ನೀವಾಗಿ.

ಊರವರು ಸುಮ್ಮನಿರುವುದಿಲ್ಲ. ಮದುವೆಗೆ ಮೊದಲು ರಕ್ತ ನೋಡಿಸುವುದೆಂದರೆ ಹುಡುಗಿಯಲ್ಲಿ ಏನೋ ಐಬಿದೆ ಎನ್ನುತ್ತಾರೆ. ಕಾಲೇಜು ಕಲಿಸಿದ್ದಕ್ಕೆ ತಾಯಿ ಮಗಳಿಗೆ ಕೊಬ್ಬು ಬಂದಿದೆ ಎನ್ನುತ್ತಾರೆ. "ಹೌದ್ರಿ, ಬಂದೈತಿ. ಎಷ್ಟ್ ಬಂದೈತಿ ಅಂತ ಅಳತಿ ಮಾಡಸಾಕ ಹೊಂಟೇವಿ" ಎಂದು ಹೇಳಿ ಬಸ್ಸು ಹತ್ತಿ. ಗಂಡ ಸತ್ತ ಮೇಲೆ ಮಗ್ಗ ಮಾರಿ, ಭಾವಮೈದುನರ ಮಾತು ಕೇಳದೆ, ಮಗಳನ್ನು ಓದಿಸಿದವರು ನೀವು. ನಿಮಗೆ ಧೈರ್ಯ ಹೇಳಿಕೊಡಲು ನಾನ್ಯಾರು? ನೀವು ಒಬ್ಬಂಟಿಯಲ್ಲ ಎಂದಷ್ಟೇ ಹೇಳುತ್ತೇನೆ. ನಿಮ್ಮ ಬೆನ್ನ ಹಿಂದೆ ಇಲ್ಲಿ ಒಂದು ಗುಂಪು ಕಾಲು ಮುಂದಿಟ್ಟು ನಿಂತಿದೆ.

ನಮ್ಮ ಬಗ್ಗೆ ಕನಿಕರ ಬೇಡ. ನಾನು ಎಪ್ಪತ್ತನಾಲ್ಕು ವರ್ಷ ಉಂಡಿದ್ದೇನೆ, ನಕ್ಕಿದ್ದೇನೆ, ಜಗಳವಾಡಿದ್ದೇನೆ, ಇಡೀ ಊರಿಗೆ ನೆರಳು ನೇಯ್ದಿದ್ದೇನೆ. ಹುಟ್ಟದವಳಿಗೆ ಇದು ಕಡಿಮೆಯೇನಲ್ಲ. ಕಾವೇರಮ್ಮನ ವಿಷಯಕ್ಕೆ ಮಾತ್ರ ಕರುಳು ಹಿಂಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅವಳು ಈಗ ಪಕ್ಕದಲ್ಲೇ ಕೂತು, ಅಕ್ಷರ ದುಂಡಗೆ ಬರೆ, ಅವರಿಗೆ ಓದಲು ಬರಬೇಕಲ್ಲ ಎಂದು ಗದರಿಸುತ್ತಿದ್ದಾಳೆ.

ಓಲೆಯ ಕೊನೆಯಲ್ಲಿ ಬರೆದವರ ಹೆಸರು ಇರಬೇಕು. ನನ್ನ ಹೆಸರು ಬರೆಯುವುದಿಲ್ಲ. ನೀವು ನನ್ನ ಮಾತು ಕೇಳಿದರೆ ಆ ಹೆಸರಿನವರು ಯಾರೂ ಇರಲಿಕ್ಕಿಲ್ಲ, ಇಲ್ಲದವರ ಹೆಸರು ಕಟ್ಟಿಕೊಂಡು ನಿಮಗೇನಾಗಬೇಕು? ಕೆಳಗೆ ಜಾಗ ಬಿಟ್ಟಿದ್ದೇನೆ. ನಿಮ್ಮ ಮೊಮ್ಮಗಳು ಹತ್ತು ದಾಟಿದ ದಿನ ಅವಳ ಕೈಗೇ ಪೆನ್ನು ಕೊಡಿ, ತನ್ನ ಹೆಸರನ್ನು ಅಲ್ಲಿ ಬರೆಯಲಿ.

ಇಂತಿ ನಿಮ್ಮ,

......................